ಶಾಮಣ್ಣನವರು ನೋಡದ ಕೊನೆಯ ರೀಲು

ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ ನಾನು ಓದು ನಿಲ್ಲಿಸಿದೆ. ನಿಲ್ಲಿಸಿದೆ ಅನ್ನುವುದೇ ಸರಿಯಾದ ಮಾತು, ಫೇಲಾಗಿ ಬಿಟ್ಟವನಲ್ಲ. ಹಲಸೂರಿನ ಮರದ ಡಿಪೋದಲ್ಲಿ ಗರಗಸ ಎಳೆಯುತ್ತಿದ್ದ ನಮ್ಮಪ್ಪನಿಗೆ ಆ ವರ್ಷ ಎರಡೂ ಕಣ್ಣು ಮಂಜಾದವು. ಕ್ಲಾಸಿಗೆ ಎರಡನೆಯವನಾಗಿದ್ದ ನಾನು ಪುಸ್ತಕ ಕಟ್ಟಿಟ್ಟು ಕೆಲಸಕ್ಕೆ ಹೊರಟೆ. ಮೊದಲನೆಯವನು ಯಾರು ಅಂತ ಕೇಳಬೇಡಿ, ಅವನ ಹೆಸರು ಹೇಳಲು ನನಗೆ ಈಗಲೂ ಮನಸ್ಸಿಲ್ಲ.

ಈ ಹಳೇ ಪುರಾಣ ಈಗ ಯಾಕೆ ಅಂದರೆ, ಮೊನ್ನೆ ಭಾನುವಾರ ಊಟವಾದ ಮೇಲೆ ಮೊಮ್ಮಗಳು ಟೀವಿಯ ಮುಂದೆ ಕೂತು ಒಂದೊಂದೇ ಚಾನೆಲ್ಲು ತಿರುಗಿಸುತ್ತಿದ್ದಳು. ಬಣ್ಣಬಣ್ಣದ್ದೆಲ್ಲ ಹೋಗಿ ಒಂದು ಕಪ್ಪುಬಿಳುಪಿನ ಚಿತ್ರ ಬಂತು. ನೆನೆದ ರಸ್ತೆ, ಹೊಗೆ, ಓರೆಯಾಗಿ ಹ್ಯಾಟು ಇಟ್ಟ ಒಬ್ಬ ಮನುಷ್ಯ, ಎರಡು ಕಿವಿಗೂ ಎರಡು ಟೆಲಿಫೋನು. ಹಿಂದೆಲ್ಲೋ ಅಚ್ಚಿನ ಯಂತ್ರದ ಸದ್ದು. ‘ಇರು ಇರು, ತಿರುಗಿಸ್ಬೇಡ’ ಅಂದುಬಿಟ್ಟೆ.

‘ತಾತ, ನಿಂಗೆ ಇಂಗ್ಲಿಷ್ ಪಿಕ್ಚರ್ ಅರ್ಥ ಆಗುತ್ತಾ? ನೀನು ಸ್ಕೂಲೇ ಬಿಟ್ಟಿದ್ದಂತೆ?’

ಹೀಗೆ ಕೇಳಿದರೆ ನನ್ನಂಥವನಿಗೆ ಎಲ್ಲಿ ಚುಚ್ಚುತ್ತದೆ ಅಂತ ಆ ಮಗುವಿಗೇನು ಗೊತ್ತು? ‘ಅದು ಪತ್ರಿಕೆಯವನ ಕಥೆ ಕಣಮ್ಮಾ. ಅಂಥ ಹ್ಯಾಟಿನವನ ಜತೆ ನಾನೂ ಕೆಲಸ ಮಾಡಿದೀನಿ’ ಅಂದೆ. ಅವಳು ನಂಬಲಿಲ್ಲ. ನೀವು ನಂಬುತ್ತೀರಿ ಅಂದುಕೊಂಡು ಬರೆಯುತ್ತಿದ್ದೇನೆ.

ನಾನು ಸೇರಿದ್ದು ಖಾದರ್ ಸಾಹೇಬರ ಪ್ರೆಸ್ಸಿಗೆ. ಈಗ ಶಿವಾಜಿನಗರ ಅನ್ನುತ್ತಾರೆ, ಆಗ ನಮಗೆಲ್ಲ ಅದು ಬ್ಲ್ಯಾಕ್‌ಪಳ್ಳಿ. ಮಾರ್ಕೆಟ್ಟಿನ ಹಿಂದಿನ ಗಲ್ಲಿ; ಒಂದು ಕಡೆ ಕಬಾಬಿನ ಹೊಗೆ, ಇನ್ನೊಂದು ಕಡೆ ಹೂವಿನ ರಾಶಿ, ನಡುವೆ ನಮ್ಮ ಸೀಮೆಎಣ್ಣೆ ಮತ್ತು ಮಸಿಯ ವಾಸನೆ. ತಮಿಳಿನ ಮದುವೆ ಕಾಗದ, ಉರ್ದುವಿನ ನೋಟೀಸು, ಇಂಗ್ಲಿಷಿನ ಬಿಲ್ ಪುಸ್ತಕ, ಎಲ್ಲಾ ಅಲ್ಲೇ ಅಚ್ಚಾಗುತ್ತಿತ್ತು. ಕನ್ನಡದ ಕೆಲಸ ನನ್ನದು. ಗೂಡುಗೂಡಾಗಿರುವ ಮರದ ತಟ್ಟೆಯಿಂದ ಸೀಸದ ಅಕ್ಷರ ಒಂದೊಂದಾಗಿ ಎತ್ತಿ, ಕೈಯಲ್ಲಿನ ಪಟ್ಟಿಯಲ್ಲಿ ತಲೆಕೆಳಗಾಗಿ ಜೋಡಿಸಬೇಕು. ಒಂದು ಪುಟ ಸಿದ್ಧವಾದರೆ ಅದನ್ನು ಕಬ್ಬಿಣದ ಚೌಕಟ್ಟಿನೊಳಗೆ ಬಿಗಿದು, ಎರಡು ಕೈಯಲ್ಲಿ ಎತ್ತಿ ಮೆಷಿನ್ನಿನವರೆಗೆ ಹೊತ್ತುಕೊಂಡು ಹೋಗಬೇಕು. ಇದಕ್ಕೆ ಫಾರಂ ಅನ್ನುತ್ತಿದ್ದೆವು. ಕೈ ಜಾರಿ ಫಾರಂ ಬಿತ್ತೋ, ಸಾವಿರಾರು ಅಕ್ಷರ ನೆಲಕ್ಕೆ ಚೆಲ್ಲಿ ಹೋಗುತ್ತವೆ. ಹೆಕ್ಕಿ ಗೂಡಿಗೆ ಸೇರಿಸಲು ಎರಡು ದಿನ ಬೇಕು. ಫಾರಂ ಬೀಳಿಸಿದವನನ್ನು ಬ್ಲ್ಯಾಕ್‌ಪಳ್ಳಿಯ ಯಾವ ಪ್ರೆಸ್ಸಿನಲ್ಲೂ ಮರೆಯುತ್ತಿರಲಿಲ್ಲ. ‘ಅವನಾ? ಬೀಳಿಸ್ದೋನಲ್ವಾ?’ ಅಂತಲೇ ಅವನ ವಿಳಾಸ. ಎಂಟು ವರ್ಷದಲ್ಲಿ ನಾನು ಒಂದು ಸಲ ಕೂಡ ಬೀಳಿಸಿರಲಿಲ್ಲ. ಇದನ್ನು ನಾನು ಆಗ ಎಷ್ಟು ಜನಕ್ಕೆ ಹೇಳಿಕೊಂಡಿದ್ದೆನೋ, ಈಗ ನಿಮಗೂ ಹೇಳಿದ ಹಾಗಾಯಿತು.

ಶಾಮಣ್ಣನವರು ಬಂದದ್ದು ನಾನು ಸೇರಿ ಎರಡು ವರ್ಷದ ಮೇಲೆ. ಬಿ.ಎ. ಪಾಸು ಮಾಡಿದವರು, ಪೇಟೆ ಕಡೆಯವರು. ಆಗ ಪೇಟೆ ಮಹಾರಾಜರದ್ದು, ನಮ್ಮ ಬ್ಲ್ಯಾಕ್‌ಪಳ್ಳಿ ಇದ್ದ ದಂಡು, ಅಂದರೆ ಕಂಟೋನ್ಮೆಂಟು, ಬ್ರಿಟಿಷರದ್ದು. ಆ ಕಡೆಯ ಕಾನೂನು ಈ ಕಡೆಗೆ ತಗಲುತ್ತಿರಲಿಲ್ಲ. ಮೈಸೂರು ಸರ್ಕಾರವನ್ನು ಬಯ್ಯಬೇಕಾದವರು ಟಾಂಗಾ ಹತ್ತಿ ದಂಡಿಗೆ ಬಂದು ಅಚ್ಚು ಹಾಕಿಸಿಕೊಂಡು ವಾಪಸ್ಸು ಹೋಗುತ್ತಿದ್ದರು. ಶಾಮಣ್ಣನವರು ಹಾಗೆ ಬಂದವರು ಹೋಗಲೇ ಇಲ್ಲ. ‘ದಂಡಿನ ದುಂದುಭಿ’ ಅಂತ ವಾರಪತ್ರಿಕೆ ಶುರುಮಾಡಿದರು. ಶನಿವಾರಕ್ಕೊಂದು, ನಾಲ್ಕು ಪುಟ. ಖಾದಿ ಜುಬ್ಬ, ಕಚ್ಚೆಪಂಚೆ, ಜೇಬಿನಲ್ಲಿ ನಶ್ಯದ ಡಬ್ಬಿ. ಮಾತಾಡಲು ಶುರುಮಾಡಿದರೆ ಟ್ರೆಡಲ್ ಮೆಷಿನ್ ತುಳಿಯುವ ಮುನಿಸಾಮಿ ಕೂಡ ಕಾಲು ನಿಲ್ಲಿಸಿ ಕೇಳುತ್ತಿದ್ದ, ಅವನಿಗೆ ಕನ್ನಡ ಅರ್ಧ ಮಾತ್ರ ಬಂದರೂ.

ನಮ್ಮಪ್ಪನ ಕೈ ಹಿಡಿದು ದೊಡ್ಡಾಸ್ಪತ್ರೆಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದವರು ಅವರೇ. ಅಪ್ಪನಿಗೆ ಒಂದು ಕಣ್ಣು ಬಂತು. ಬಂದ ಕಣ್ಣಲ್ಲಿ ಅಪ್ಪ ಮೊದಲು ನೋಡಿದ್ದು ಶಾಮಣ್ಣನವರ ಮುಖ. ನನ್ನನ್ನು ಆಮೇಲೆ ನೋಡಿದರು. ನನಗೆ ಆಗ ಸ್ವಲ್ಪ ಹೊಟ್ಟೆ ಉರಿದದ್ದು ನಿಜ. ಆದರೂ ಇಂಥ ಮನುಷ್ಯನನ್ನು ಪ್ರೀತಿಸದೆ ಇರುವುದು ಹೇಗೆ ಹೇಳಿ?

ಸುದ್ದಿ ಬರೆಯುವುದರಲ್ಲಿ ಅವರಿಗೆ ಒಂದೇ ಒಂದು ವಿದ್ಯೆ ಇತ್ತು. ಪ್ರತಿ ಹೆಡ್ಡಿಂಗಿನ ಕೊನೆಗೂ ಒಂದು ಪ್ರಶ್ನೆಯ ಗುರುತು. ‘ತಾಲ್ಲೂಕು ಅಮಲ್ದಾರರ ಹೊಸ ಕಾರು ಎಲ್ಲಿಂದ ಬಂತು?’ ‘ಬೆನ್ಸನ್ ಟೌನಿನ ಡಾಕ್ಟರರ ಮನೆಯಲ್ಲಿ ಯಾರು ಅಳುತ್ತಿದ್ದರು?’ ನಾನು ಕೇಳಿದೆ, ‘ಯಾರು ಅಳ್ತಿದ್ರು ಸಾರ್?’

‘ನಂಗೇನು ಗೊತ್ತು? ಅದಕ್ಕೇ ಕೇಳಿದೀನಿ. ಮಗಾ, ಹೇಳಿದರೆ ಕೇಸು ಹಾಕ್ತಾರೆ. ಕೇಳಿದರೆ ಏನು ಹಾಕ್ತಾರೆ? ಈ ಗುರುತೇ ನಮ್ಮ ವಕೀಲ ಕಣೋ, ಫೀಜಿಲ್ಲದ ವಕೀಲ.’

ಈಗ ಸಿನಿಮಾದ ಮಾತಿಗೆ ಬರುತ್ತೇನೆ. ಶಾಮಣ್ಣನವರಿಗೆ ಇಂಗ್ಲಿಷ್ ಚಿತ್ರದ ಹುಚ್ಚು. ಪೆರೇಡ್ ಮೈದಾನದ ಹತ್ತಿರದ ಟಾಕೀಸಿನಲ್ಲಿ ಚಿತ್ರ ಬದಲಾದಾಗೆಲ್ಲ ಮ್ಯಾಟಿನಿಗೆ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದರು. ಪಕ್ಕದಲ್ಲಿ ಕೂತು ಮಾತುಮಾತಿಗೂ ಕನ್ನಡ ಹೇಳುತ್ತಿದ್ದರು; ಮುಂದಿನ ಸಾಲಿನವರು ತಿರುಗಿ ಉಸ್ ಅಂದರೆ ಅವರಿಗೂ ಹೇಳುತ್ತಿದ್ದರು. ಆದರೆ ಒಂದು ತೊಂದರೆ. ಆಗ ಪ್ರತಿ ಆಟ ಮುಗಿದ ಕೂಡಲೇ ಪರದೆಯ ಮೇಲೆ ಇಂಗ್ಲೆಂಡಿನ ದೊರೆಯ ಚಿತ್ರ ಬಂದು, ದೊರೆಯ ಹಾಡು ಹಾಕುತ್ತಿದ್ದರು. ಎಲ್ಲರೂ ನೆಟ್ಟಗೆ ಎದ್ದು ನಿಲ್ಲಬೇಕು. ಕೂತರೆ ಹಿಂದಿನ ಸಾಲಿನ ಸೋಲ್ಜರುಗಳು ಕಾಲರ್ ಹಿಡಿದು ಎತ್ತುತ್ತಿದ್ದರು. ಶಾಮಣ್ಣನವರು ಖಾದಿಯವರು, ದೊರೆಗೆ ನಿಲ್ಲುವವರಲ್ಲ. ಏಟು ತಿನ್ನುವವರೂ ಅಲ್ಲ. ಆದ್ದರಿಂದ ಅವರು ಪ್ರತಿ ಚಿತ್ರಕ್ಕೂ ಮುಗಿಯುವ ಹತ್ತು ನಿಮಿಷ ಮೊದಲೇ ಗಡಿಯಾರ ನೋಡಿ ಎದ್ದುಬಿಡುತ್ತಿದ್ದರು. ಅವರ ಹಿಂದೆ ನಾನು. ಆರು ವರ್ಷದಲ್ಲಿ ಅದೆಷ್ಟು ಚಿತ್ರ ನೋಡಿದೆವೋ, ಒಂದರ ಕೊನೆಯೂ ನಮಗೆ ಗೊತ್ತಿರಲಿಲ್ಲ. ಹುಡುಗಿ ಸಿಕ್ಕಿದಳೋ ಇಲ್ಲವೋ, ಕಳ್ಳ ಸತ್ತನೋ ಇಲ್ಲವೋ, ನಾವು ಟೀ ಅಂಗಡಿಯಲ್ಲಿ ಕೂತು ತೀರ್ಮಾನ ಮಾಡಿಕೊಳ್ಳುತ್ತಿದ್ದೆವು. ಸಾಮಾನ್ಯವಾಗಿ ಶಾಮಣ್ಣನವರು ಎಲ್ಲರನ್ನೂ ಉಳಿಸಿಬಿಡುತ್ತಿದ್ದರು.

ನಲವತ್ತಾರರಲ್ಲಿ ಒಂದು ಚಿತ್ರ ಬಂತು. ಹೆಸರು ನನ್ನ ನಾಲಿಗೆಗೆ ಆಗಲೂ ತಿರುಗಲಿಲ್ಲ. ಅಮೇರಿಕಾದ ದೊಡ್ಡ ಊರು, ಒಬ್ಬ ಹ್ಯಾಟಿನ ಪತ್ರಿಕೆಯವನು. ಗಡಿಯಾರ ರಿಪೇರಿ ಮಾಡುವ ಮುದುಕನ ಮನೆಯಲ್ಲಿ ಬಾಡಿಗೆಗಿದ್ದ ಹುಡುಗ ಕಾಣೆಯಾಗುತ್ತಾನೆ. ಮುದುಕನೇ ಕೊಂದಿರಬೇಕು ಅಂತ ಹ್ಯಾಟಿನವನು ಬರೆಯುತ್ತಾನೆ. ಪತ್ರಿಕೆ ಬಿಸಿ ಕಡ್ಲೇಕಾಯಿಯ ಹಾಗೆ ಹೋಗುತ್ತದೆ. ನಡುವೆ ಆ ಹುಡುಗನಿಂದಲೇ ತಂತಿ ಬರುತ್ತದೆ: ಹಡಗಿನಲ್ಲಿ ಕೆಲಸ ಸಿಕ್ಕಿದೆ, ಚೆನ್ನಾಗಿದ್ದೀನಿ ಅಂತ. ಹ್ಯಾಟಿನವನು ಅದನ್ನು ಓದಿ, ಮಡಿಸಿ, ಹ್ಯಾಟಿನ ಪಟ್ಟಿಯೊಳಗೆ ಸಿಕ್ಕಿಸಿಕೊಂಡು, ನಾಳೆಯ ಹೆಡ್ಡಿಂಗು ಬರೆಯಲು ಕೂರುತ್ತಾನೆ. ಮುದುಕನ ಅಂಗಡಿಯ ಮುಂದೆ ಜನ ಸೇರುತ್ತಾರೆ. ಸರಿಯಾಗಿ ಅಲ್ಲಿಗೆ ಶಾಮಣ್ಣನವರು ಎದ್ದರು.

ಟೀ ಅಂಗಡಿಯಲ್ಲಿ ಅವರ ಕಣ್ಣು ಮಿಂಚುತ್ತಿತ್ತು. ‘ನೋಡಿದ್ಯೇನೋ? ಆ ಮೆಷಿನ್ನು ನೋಡಿದ್ಯಾ? ಕಾಗದ ಹೊಳೆ ಥರ ಹರೀತಿತ್ತಲ್ಲೋ! ಪತ್ರಿಕೆ ಅಂದ್ರೆ ಅದು.’

‘ಆ ಮುದುಕನ ಗತಿ ಏನಾಯ್ತು ಸಾರ್?’

‘ಉಳ್ಕೊಂಡಿರ್ತಾನೆ ಬಿಡು. ಹ್ಯಾಟಿನೋನೇ ತಂತಿ ತೋರಿಸಿ ಬಿಡಿಸ್ತಾನೆ, ಊರೆಲ್ಲ ಅವನಿಗೆ ಹಾರ ಹಾಕುತ್ತೆ. ಇನ್ನೇನಾಗುತ್ತೆ?’

ಯಾರನ್ನೋ ಎಚ್ಚರಿಸಲು ತೆಗೆದ ಚಿತ್ರ ನಮ್ಮ ಶಾಮಣ್ಣನವರಿಗೆ ಪಾಠಶಾಲೆಯಾಯಿತು. ಮುಂದಿನ ಭಾನುವಾರ ಗುಜರಿ ಬಜಾರಿನಿಂದ ಒಂದು ಹಳೇ ಹ್ಯಾಟು ತಂದರು. ಖಾದಿ ಜುಬ್ಬ, ಕಚ್ಚೆಪಂಚೆ, ಮೇಲೆ ಬೂದುಬಣ್ಣದ ಫೆಲ್ಟ್ ಹ್ಯಾಟು. ಖಾದರ್ ಸಾಹೇಬರು ನೋಡಿ, ‘ಯೇ ಕ್ಯಾ ಶಾಮಣ್ಣ, ಊಪರ್ ಚರ್ಚಿಲ್, ನೀಚೆ ಗಾಂಧಿ?’ ಅಂದರು. ಮುನಿಸಾಮಿ ನಗು ತಡೆಯಲಾರದೆ ಮೆಷಿನ್ನಿನ ಹಿಂದಕ್ಕೆ ಹೋದ.

ಹ್ಯಾಟು ಬಂದ ಮೂರನೇ ದಿನಕ್ಕೆ ಚಿನ್ನಪ್ಪನ ಸುದ್ದಿಯೂ ಬಂತು.

ಚಿನ್ನಪ್ಪ ಬೆನ್ಸನ್ ಟೌನಿನ ಒಂದು ಬೇಕರಿಯಲ್ಲಿ ಒಲೆಯ ಕೆಲಸದವನು. ಹಲಸೂರಿನಲ್ಲಿ ನಮ್ಮ ಮನೆಯಿಂದ ಎರಡು ಗಲ್ಲಿ ಆಚೆ ಒಂದು ರೂಮಿನಲ್ಲಿ ಹೆಂಡತಿ ರತ್ನಮ್ಮನ ಜತೆ ಇದ್ದ. ರಾತ್ರಿಯೆಲ್ಲ ಒಲೆ, ಹಗಲೆಲ್ಲ ನಿದ್ದೆ, ಮಾತು ಕಡಿಮೆ. ಒಂದು ದಿನ ರತ್ನಮ್ಮನ ತಮ್ಮ ಊರಿಂದ ಬಂದು ‘ಅಕ್ಕ ಎಲ್ಲಿ?’ ಅಂದ. ‘ನಿಮ್ಮನೇಗೇ ಬಂದ್ಳಲ್ಲ’ ಅಂದ ಚಿನ್ನಪ್ಪ. ತಮ್ಮ ಬೀದಿಯಲ್ಲಿ ನಿಂತು ಎದೆ ಬಡಿದುಕೊಂಡ. ಶಾಮಣ್ಣನವರು ನೋಟ್‌ಬುಕ್ಕು ಹಿಡಿದು ಹೋಗಿ ಬಂದು ಅರ್ಧ ಪುಟ ಬರೆದರು. ಹೆಡ್ಡಿಂಗು ಮಾತ್ರ ಏನೂ ಹೊಳೆಯದೆ ‘ಹಲಸೂರಿನ ಮಹಿಳೆ ಎಲ್ಲಿ?’ ಅಂತ ಇಟ್ಟಿದ್ದರು.

ಅಕ್ಷರ ಜೋಡಿಸುತ್ತಿದ್ದ ನಾನು ಸುಮ್ಮನೆ ತಮಾಷೆಗೆ, ತಲೆ ಕೂಡ ಎತ್ತದೆ ಅಂದೆ: ‘ಇದು ಸಪ್ಪೆ ಸಾರ್. ಆ ರಾತ್ರಿ ಬೇಕರಿಯ ಒಲೆ ಏಕೆ ಆರಲಿಲ್ಲ, ಅಂತ ಹಾಕಿ.’

ಶಾಮಣ್ಣನವರು ಎದ್ದು ಬಂದು ನನ್ನ ಎರಡು ಭುಜ ಹಿಡಿದುಕೊಂಡರು. ‘ಗುರೂ! ಎಂಥಾ ಮಾತು ಹೇಳಿಬಿಟ್ಯೋ! ನಾನು ಬಿ.ಎ. ಓದಿ ಏನು ಪ್ರಯೋಜನ?’

ಅವತ್ತು ನನ್ನ ಕಾಲು ನೆಲದ ಮೇಲಿರಲಿಲ್ಲ. ಶಾಲೆ ಬಿಟ್ಟವನ ಬಾಯಿಂದ ಬಿದ್ದ ಸಾಲು, ಪ್ರೆಸ್ಸಿನಲ್ಲಿ ಇದ್ದ ಎಲ್ಲಕ್ಕಿಂತ ದೊಡ್ಡ ಮರದ ಅಕ್ಷರದಲ್ಲಿ. ನಾನೇ ಜೋಡಿಸಿದೆ. ಸಂಜೆ ಮನೆಗೆ ಹೋಗಿ ಅಪ್ಪನಿಗೆ ಓದಿ ಹೇಳಿದೆ. ಅಪ್ಪ, ‘ಬೇಕರಿ ಒಲೆ ಯಾವತ್ತು ತಾನೇ ಆರ್ಸ್ತಾರೋ?’ ಅಂದರು. ಅಪ್ಪನಿಗೆ ಪತ್ರಿಕೆಯ ಗಂಧ ಗೊತ್ತಿಲ್ಲ ಅಂದುಕೊಂಡೆ.

ಆ ವಾರ ಪತ್ರಿಕೆ ಎರಡನೇ ಸಲ ಅಚ್ಚು ಹಾಕಬೇಕಾಯಿತು. ಮುಂದಿನ ವಾರ ‘ಪೊಲೀಸರು ಒಲೆಯೊಳಗೆ ಇಣುಕಿದರೆ?’ ಅಂತ ಬಂತು. ಕನ್ನಡ ಬಾರದವರು ಕೂಡ ಕೊಂಡು ಪಕ್ಕದವರ ಕೈಲಿ ಓದಿಸಿಕೊಂಡರು. ಬೆನ್ಸನ್ ಟೌನಿನ ಹೆಂಗಸರು ಆ ಬೇಕರಿಯ ಬ್ರೆಡ್ಡು ನಿಲ್ಲಿಸಿದರು. ಯಾರೋ ಕಲ್ಲು ಹೊಡೆದು ಗಾಜು ಒಡೆದರು. ಮಾಲೀಕ ಚಿನ್ನಪ್ಪನಿಗೆ ‘ಸ್ವಲ್ಪ ದಿನ ಈ ಕಡೆ ಬರ್ಬೇಡಪ್ಪಾ’ ಅಂದ. ಚಿನ್ನಪ್ಪ ರೂಮಿನ ಬಾಗಿಲು ಒಳಗಿಂದ ಹಾಕಿಕೊಂಡು ಕೂತ. ನಾನು ಕೆಲಸಕ್ಕೆ ಹೋಗಲು ಆ ಗಲ್ಲಿ ಬಿಟ್ಟು ಕೆರೆಯ ಕಡೆಯ ದಾರಿ ಹಿಡಿದೆ. ಅದು ದೂರದ ದಾರಿ. ಆ ಕಡೆ ಗಾಳಿ ಒಳ್ಳೆಯದು ಅಂತ ಮನೆಯಲ್ಲಿ ಹೇಳಿದೆ.

ಆ ಭಾನುವಾರ ಅಕ್ಕನ ಮನೆಗೆ ಹೋದೆ. ಅವಳನ್ನು ಕೊಟ್ಟದ್ದು ಗರುಡಾಚಾರ್‌ಪಾಳ್ಯಕ್ಕೆ, ಕೆ.ಆರ್.ಪುರದ ಸ್ಟೇಷನ್ನಿನಲ್ಲಿ ಇಳಿದು ಹೊಲದ ನಡುವೆ ನಡೆಯಬೇಕು. ಅವರೆಕಾಯಿ ಕಾಲ. ಅಕ್ಕನ ಹೊಲದ ಪಕ್ಕದ ಹೊಲದಲ್ಲಿ ಒಬ್ಬ ಹೆಂಗಸು ಮಡಿಲು ಕಟ್ಟಿಕೊಂಡು ಕಾಯಿ ಬಿಡಿಸುತ್ತಿದ್ದಳು. ತಿರುಗಿದಳು. ರತ್ನಮ್ಮ.

‘ಅವಳಾ? ಹಲಸೂರಿನವ್ಳು. ಗಂಡನ ಮೇಲೆ ಮುನಿಸ್ಕೊಂಡು ಚಿಕ್ಕಮ್ಮನ ಮನೇಗೆ ಬಂದವ್ಳೆ,’ ಅಂದಳು ಅಕ್ಕ. ‘ಅಪ್ಪನ ಮನೇಗೆ ಹೋದ್ರೆ ಒಂದೇ ದಿನಕ್ಕೆ ವಾಪಸ್ ಕಳಿಸ್ತಾರಂತೆ.’

ನಾನು ಹತ್ತಿರ ಹೋಗಿ ಮಾತಾಡಿಸಿದೆ. ‘ಅವ್ರು ನನ್ ಜೊತೆ ಮಾತಾಡಿ ಮೂರು ತಿಂಗ್ಳಾಯ್ತಣ್ಣಾ. ಒಲೆ ಜೊತೇಲೇ ಸಂಸಾರ ಮಾಡ್ಲಿ. ಬೇಕಾದ್ರೆ ಅವ್ರೇ ಬಂದು ಕರೀಲಿ,’ ಅಂದಳು. ಅವಳಿಗೆ ಓದು ಬಾರದು, ಆ ಊರಿಗೆ ನಮ್ಮ ಪತ್ರಿಕೆಯೂ ಬಾರದು. ಅಲ್ಲೇ ಎಲ್ಲ ಹೇಳಿ ಅವಳನ್ನು ಕರೆದುಕೊಂಡು ಬಂದಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಹೇಳಬೇಕಾದರೆ ಆ ಸಾಲು ಯಾರದ್ದು ಅನ್ನುವುದನ್ನೂ ಹೇಳಬೇಕು. ಎಡಿಟರಿಗೆ ಹೇಳಿದರೆ ಅವರೇ ಸರಿಮಾಡುತ್ತಾರೆ ಅಂತ ಅವರೆಕಾಯಿಯ ಗಂಟು ಹೊತ್ತುಕೊಂಡು ವಾಪಸ್ಸು ಬಂದೆ.

ಸೋಮವಾರ ಶಾಮಣ್ಣನವರಿಗೆ ಹೇಳಿದೆ. ಅವರು ನಶ್ಯ ಏರಿಸಿದರು.

‘ಇನ್ನೊಂದೆರಡು ವಾರ ತಡಿ ಮಗಾ.’

‘ಸಾರ್?’

‘ಈ ವಾರ ಬೂದಿಯಲ್ಲಿ ಸಿಕ್ಕಿದ್ದೇನು ಅಂತ ಹಾಕೋಣ. ಅದರ ಮುಂದಿನ ವಾರ ದುಂದುಭಿಯೇ ಅವಳನ್ನ ಪತ್ತೆ ಮಾಡುತ್ತೆ. ಟಾಂಗಾದಲ್ಲಿ ಕೂರಿಸಿ ಮೆರವಣಿಗೆ ಮಾಡಿ ಗಂಡನ ಕೈಗೆ ಒಪ್ಪಿಸೋಣ. ಅವನಿಗೂ ಸಂತೋಷ, ನಮಗೂ ಸಂತೋಷ.’

‘ಬೂದಿಯಲ್ಲಿ ಏನು ಸಿಕ್ಕಿದೆ ಸಾರ್?’

‘ಅದನ್ನೇ ತಾನೇ ಕೇಳ್ತಿರೋದು!’

‘ಅವಳ ತಮ್ಮ ಭಾನುವಾರ ಊರಿಂದ ಜನ ಕಟ್ಕೊಂಡು ಬರ್ತಾನಂತೆ. ಪತ್ರಿಕೆಯಲ್ಲಿ ಈ ಸಲ ಏನು ಬರುತ್ತೋ ನೋಡ್ಕೊಂಡು ಬಾಗಿಲು ಒಡೀತಾರಂತೆ. ಚಿನ್ನಪ್ಪನ್ನ ಕೊಂದೇಹಾಕ್ತಾರೆ ಸಾರ್.’

‘ಏನೂ ಆಗಲ್ಲ ಕಣೋ. ಕೊನೆಗೆ ಎಲ್ಲ ಸರಿಹೋಗುತ್ತೆ.’

ಆಗ ನನಗೆ ಹೊಳೆಯಿತು. ಈ ಮನುಷ್ಯ ಸುಳ್ಳು ಹೇಳುತ್ತಿಲ್ಲ, ನಿಜವಾಗಿಯೂ ನಂಬಿದ್ದಾರೆ. ಕೊನೆ ಅನ್ನುವುದನ್ನು ಅವರು ಯಾವತ್ತು ತಾನೇ ನೋಡಿದ್ದಾರೆ?

ಜನ ಕೇಳಿದರು ಅಂತ ಆ ಚಿತ್ರವನ್ನು ಟಾಕೀಸಿನವರು ಆ ವಾರ ಮತ್ತೆ ಮೂರು ದಿನ ಮ್ಯಾಟಿನಿಗೆ ಹಾಕಿದ್ದರು. ಬುಧವಾರ ಹೊಟ್ಟೆನೋವು ಅಂತ ಹೇಳಿ ಒಬ್ಬನೇ ಹೋದೆ. ಮುಂದಿನ ಬೆಂಚು. ಶಾಮಣ್ಣನವರ ಕನ್ನಡ ಇಲ್ಲದೆ ಮಾತು ಒಂದೂ ಅರ್ಥವಾಗಲಿಲ್ಲ, ಚಿತ್ರವೆಲ್ಲ ಅರ್ಥವಾಯಿತು. ಕೊನೆಯ ಹತ್ತು ನಿಮಿಷವನ್ನೂ ನೋಡಿದೆ. ದೊರೆಯ ಹಾಡಿಗೆ ನನ್ನ ಕಾಲು ತಾನಾಗಿ ಎದ್ದು ನಿಂತಿತು. ಗುರುವಾರವಿಡೀ ಬೂದಿಯ ಪುಟವನ್ನು ಜೋಡಿಸಿದೆ.

ಶುಕ್ರವಾರ ಬೆಳಿಗ್ಗೆ ಫಾರಂ ಬಿಗಿದೆ. ಕಲ್ಲಿನ ಮೇಜಿನಿಂದ ಮೆಷಿನ್ನಿಗೆ ಒಂಬತ್ತು ಹೆಜ್ಜೆ. ಮುನಿಸಾಮಿ ಮಸಿ ಹಚ್ಚಿಕೊಂಡು ಕಾಯುತ್ತಿದ್ದ. ಐದನೇ ಹೆಜ್ಜೆಯಲ್ಲಿ ನಿಂತೆ. ನನ್ನ ಎಂಟು ವರ್ಷ ನೆನಪಾಯಿತು, ಅದು ಸುಳ್ಳಲ್ಲ. ಚಿನ್ನಪ್ಪ ಆಮೇಲೆ ನೆನಪಾದ. ಎರಡು ಕೈ ಬಿಟ್ಟೆ.

ಮೂಟೆ ರಾಗಿ ಹರಿದು ಸುರಿದ ಹಾಗೆ ಸದ್ದು. ಅಕ್ಷರಗಳು ಬಾಗಿಲವರೆಗೂ ಉರುಳಿದವು. ‘ಅಯ್ಯಯ್ಯೋ, ಎನ್ನಪ್ಪಾ ಇದು!’ ಅಂದ ಮುನಿಸಾಮಿ. ಖಾದರ್ ಸಾಹೇಬರು ‘ಯಾ ಅಲ್ಲಾ’ ಅಂತ ಕುರ್ಚಿಯಿಂದ ಎದ್ದರು. ಶಾಮಣ್ಣನವರು ಒಳಗಿಂದ ಓಡಿ ಬಂದರು, ಹ್ಯಾಟಿನ ಸಮೇತ.

‘ಕೈ ಜಾರಿತು ಸಾರ್.’

‘ಯಾರ ಕೈ?’

‘ನನ್ನ ಕೈ.’

‘ನಿನ್ನ ಬಾಯಿ ಜಾರುತ್ತೆ ಅಂದ್ರೆ ನಂಬ್ತೀನಿ. ನಿನ್ನ ಕೈ ಜಾರಲ್ಲ ಕಣೋ, ಕಳ್ಳ!’ ನನ್ನ ಕೆಲಸದ ಬಗ್ಗೆ ಯಾರಾದರೂ ಹೇಳಿದ ಅತಿ ದೊಡ್ಡ ಹೊಗಳಿಕೆ ಅದೇ. ಅದನ್ನು ಬೈಗುಳವಾಗಿ ಕೇಳಬೇಕಾಯಿತು.

‘ಕೆಲಸದಿಂದ ತೆಗೀರಿ ಸಾರ್. ಆದರೆ ಒಂದು ಮಾತು. ಇವತ್ತು ಹೇಗೂ ಅಚ್ಚಾಗಲ್ಲ. ಆ ಪಿಕ್ಚರ್ ಇವತ್ತೇ ಕಡೇ ದಿನ. ಬನ್ನಿ, ಕೊನೇ ಹತ್ತು ನಿಮಿಷ ನೋಡಿ. ಆಮೇಲೆ ತೆಗೀರಿ.’

ಅವರು ಯಾಕೆ ಬಂದರೋ ಈಗಲೂ ಗೊತ್ತಿಲ್ಲ. ಬಹುಶಃ ಆ ಚೆಲ್ಲಿದ ಅಕ್ಷರಗಳ ಮುಂದೆ ನಿಲ್ಲಲಾರದೆ ಬಂದಿರಬೇಕು. ಟಾಕೀಸಿನಲ್ಲಿ ಕನ್ನಡ ಹೇಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಮುದುಕನ ಅಂಗಡಿಯ ಮುಂದೆ ಜನ ಸೇರುವ ಜಾಗ ಬಂದಾಗ ಅವರ ಕೈ ತಾನಾಗಿ ಗಡಿಯಾರಕ್ಕೆ ಹೋಯಿತು, ಎದ್ದರು. ನಾನು ಜುಬ್ಬದ ತುದಿ ಹಿಡಿದುಕೊಂಡೆ. ‘ಬಿಡೋ!’ ಅಂದರು. ಬಿಡಲಿಲ್ಲ. ಹಿಂದಿನವರು ‘ಬೈಠೋ ರೇ!’ ‘ಉಕ್ಕಾರುಯ್ಯಾ!’ ಅಂತ ಕೂಗಿದರು. ಅವರು ಕೂರಲೂ ಇಲ್ಲ, ಹೋಗಲೂ ಇಲ್ಲ. ಪರದೆಯ ಮೇಲೆ ಜನ ಅಂಗಡಿಗೆ ನುಗ್ಗಿದ್ದರು. ಹ್ಯಾಟಿನವನು ಈಗ, ಈಗ, ಪಟ್ಟಿಯೊಳಗಿಂದ ತಂತಿ ತೆಗೆದು ಓಡಿ ಬರುತ್ತಾನೆ. ಒಡೆದ ಗಡಿಯಾರಗಳ ನಡುವೆ ಮುದುಕ ಮಲಗಿದ್ದಾನೆ, ಏಳುವ ಹಾಗಿಲ್ಲ. ಹ್ಯಾಟಿನವನು ಎದುರಿನ ಟೆಲಿಫೋನಿಗೆ ಓಡಿ ತನ್ನ ಪತ್ರಿಕೆಗೆ ಏನೋ ಹೇಳುತ್ತಾನೆ, ಆ ಕಡೆಯಿಂದ ಒಂದೇ ಒಂದು ಮಾತು ಬರುತ್ತದೆ. ಅವನ ಕೈಯಿಂದ ಟೆಲಿಫೋನು ಜೋತು ಬೀಳುತ್ತದೆ. ಅಷ್ಟೇ.

ದೀಪ ಹತ್ತಿತು. ದೊರೆಯ ಚಿತ್ರ ಬಂತು, ಹಾಡು ಶುರುವಾಯಿತು. ಎಲ್ಲರೂ ಎದ್ದರು. ನಮ್ಮ ಶಾಮಣ್ಣನವರು ಮೊದಲೇ ನಿಂತಿದ್ದರು! ಹಾಡು ಮುಗಿಯುವ ತನಕ ಕದಲಲಿಲ್ಲ. ಕದಲುವ ಸ್ಥಿತಿಯಲ್ಲಿ ಇರಲಿಲ್ಲ. ಹಿಂದಿನ ಸಾಲಿನ ಸೋಲ್ಜರೊಬ್ಬ ಅವರ ಬೆನ್ನು ತಟ್ಟಿ ಏನೋ ಮೆಚ್ಚುಗೆಯ ಮಾತು ಹೇಳಿ ಹೋದ.

ಹೊರಗೆ ಮರದ ಕೆಳಗೆ ನಿಂತು ಅವರು ಹ್ಯಾಟು ತೆಗೆದರು. ನಾನು ಕೇಳಿದೆ, ‘ಟೆಲಿಫೋನಿನಲ್ಲಿ ಏನಂದ ಸಾರ್ ಅವನು?’ ನನಗೆ ಅದೊಂದು ಅರ್ಥವಾಗಿರಲಿಲ್ಲ.

‘ನಾಳೆ ಪೇಜು ತುಂಬಿದೆ, ಜಾಗ ಇಲ್ಲ, ಅಂದ.’

ಸ್ವಲ್ಪ ದೂರ ನಡೆದೆವು. ಅವರು ನಿಂತರು. ‘ನಮ್ಮ ಪೇಜು ಖಾಲಿ ಇದೆಯಲ್ಲೋ. ನೀನು ಬೀಳಿಸಿದೀಯಲ್ಲ.’ ಆಮೇಲೆ ದನಿ ಬದಲಾಯಿತು. ‘ಕೆ.ಆರ್.ಪುರಕ್ಕೆ ಈಗ ರೈಲಿದೆಯಾ?’

ಇತ್ತು. ಇಬ್ಬರೂ ದಂಡಿನ ಸ್ಟೇಷನ್ನಿನವರೆಗೆ ಓಡಿದೆವು. ರತ್ನಮ್ಮ ವಿಷಯ ಕೇಳಿ ಮಡಿಲಿನ ಕಾಯಿ ಅಲ್ಲೇ ಸುರಿದಳು. ‘ನನ್ನ ಸುಟ್ಟಾ ಅಂದ್ರಾ? ಆವಯ್ಯನಾ? ಇರುವೆ ಹರೀತಿದ್ರೆ ದಾಟ್ಕೊಂಡು ಹೋಗೋ ಮನ್ಸ!’ ಅಂತ ರೈಲಿನುದ್ದಕ್ಕೂ ಅತ್ತಳು, ನಡುನಡುವೆ ಅದೇ ಮನುಷ್ಯನನ್ನು ಬೈದಳು.

ರಾತ್ರಿ ಊಟದ ಹೊತ್ತಿಗೆ ಹಲಸೂರಿನಲ್ಲಿದ್ದೆವು. ಗಲ್ಲಿಯ ಜನವೆಲ್ಲ ಹಿಂದೆ. ‘ನಾನು ಕಣಯ್ಯಾ. ಬಾಗ್ಲು ತೆಗಿ’ ಅಂದಳು. ಬಾಗಿಲು ತೆರೆಯಲು ಬಹಳ ಹೊತ್ತಾಯಿತು. ಚಿನ್ನಪ್ಪ ಗಡ್ಡ ಬಿಟ್ಟುಕೊಂಡು ಅರ್ಧ ಆಳಾಗಿದ್ದ. ಅವಳನ್ನು ನೋಡಿದ. ಅವಳ ಹಿಂದೆ ಶಾಮಣ್ಣನವರನ್ನು, ಅವರ ಪಕ್ಕದಲ್ಲಿ ನನ್ನನ್ನು ನೋಡಿದ.

‘ಒಲೆ ಆರ್ಲಿಲ್ಲ ಅಂತ ಬರ್ದೋರು ಯಾರು?’

ನಾನು ಬಾಯಿ ತೆರೆದೆ. ತೆರೆದೆ ಅಂತಲೇ ನನ್ನ ನೆನಪು. ಅಷ್ಟರಲ್ಲಿ ಪಕ್ಕದಿಂದ, ‘ನಾನಪ್ಪಾ. ನಾನೇ ಬರೆದದ್ದು’ ಅನ್ನುವ ದನಿ ಬಂತು.

ಚಿನ್ನಪ್ಪ ಅವರನ್ನು ಬೈಯಲಿಲ್ಲ, ಹೊಡೆಯಲಿಲ್ಲ. ನಿಜಕ್ಕೂ ತಿಳಿದುಕೊಳ್ಳಬೇಕಾದವನ ಹಾಗೆ ಕೇಳಿದ: ‘ಬೇಕರಿ ಒಲೆ ಯಾವತ್ತಾದ್ರೂ ಆರುತ್ತೇನ್ ಸ್ವಾಮಿ? ಅಷ್ಟು ಓದ್ದೋರಿಗೆ ಇಷ್ಟೂ ಗೊತ್ತಿಲ್ವಾ?’

‘ಗೊತ್ತಿರಲಿಲ್ಲ,’ ಅಂದರು ಶಾಮಣ್ಣನವರು. ‘ತಪ್ಪಾಯ್ತು.’

ನನಗೆ ಗೊತ್ತಿತ್ತು. ಬೀದಿಯ ಪ್ರತಿ ಮಗುವಿಗೂ ಗೊತ್ತಿತ್ತು. ನಾನು ಬಾಯಿ ಮುಚ್ಚಿಕೊಂಡೆ.

ಎರಡು ದಿನ ನೆಲದ ಮೇಲೆ ಕೂತು ನಾನು, ಮುನಿಸಾಮಿ, ಶಾಮಣ್ಣನವರು ಅಕ್ಷರ ಹೆಕ್ಕಿದೆವು. ಸೋಮವಾರ ಪತ್ರಿಕೆ ಬಂತು. ‘ರತ್ನಮ್ಮ ಕ್ಷೇಮ. ನಾವು ಬರೆದದ್ದು ತಪ್ಪು.’ ದುಂದುಭಿಯಲ್ಲಿ ಪ್ರಶ್ನೆಯ ಗುರುತಿಲ್ಲದ ಮೊದಲ ಹೆಡ್ಡಿಂಗು ಅದು. ಕಟ್ಟುಗಳು ಕಟ್ಟಿದ ಹಾಗೇ ವಾಪಸ್ಸು ಬಂದವು. ‘ಸಚ್ಚಿ ಬಾತ್ ಕೂ ಗಿರಾಕಿ ನೈ, ಮಿಯಾ’, ನಿಜದ ಮಾತಿಗೆ ಗಿರಾಕಿಯಿಲ್ಲ, ಅಂತ ಖಾದರ್ ಸಾಹೇಬರು ಆ ಕಾಗದವನ್ನು ಮಾರ್ಕೆಟ್ಟಿಗೆ ಹೂವು ಕಟ್ಟಲು ಕೊಟ್ಟರು.

ಬೇಕರಿಯ ಮಾಲೀಕ ಚಿನ್ನಪ್ಪನನ್ನು ವಾಪಸ್ಸು ಕರೆಯಲಿಲ್ಲ. ‘ನಿಜ ಅಲ್ಲ ಅಂತ ನಂಗೂ ಗೊತ್ತು, ಆದ್ರೂ ಗಿರಾಕಿಗಳು ನೋಡಿ’ ಅಂದನಂತೆ. ಗಂಡಹೆಂಡಿರು ಗರುಡಾಚಾರ್‌ಪಾಳ್ಯಕ್ಕೇ ಹೋಗಿ ಎರಡು ಹಸು ಕಟ್ಟಿಕೊಂಡರು. ಅವನು ಈಗ ಹೆಂಡತಿಯ ಜತೆ ಮಾತಾಡುತ್ತಾನೆ, ಆದರೆ ಚಳಿಗಾಲದಲ್ಲಿ ಕೂಡ ಒಲೆಯ ಹತ್ತಿರ ಕೂರುವುದಿಲ್ಲ ಅಂತ ಅಕ್ಕ ಹೇಳುತ್ತಿದ್ದಳು. ನಾನು ಅಕ್ಕನ ಮನೆಗೆ ಹೋಗುವುದನ್ನು ಕಡಿಮೆ ಮಾಡಿದೆ.

ಮುಂದಿನ ವರ್ಷ ಸ್ವಾತಂತ್ರ್ಯ ಬಂತು, ದಂಡೂ ಪೇಟೆಯೂ ಒಂದಾಯಿತು, ದುಂದುಭಿ ನಿಂತಿತು. ಶಾಮಣ್ಣನವರು ಒಂದು ಹೈಸ್ಕೂಲಿನಲ್ಲಿ ಮೇಷ್ಟರಾದರು. ಹ್ಯಾಟನ್ನು ಮುನಿಸಾಮಿಗೆ ಕೊಟ್ಟರು. ಅವನು ಅದರಲ್ಲಿ ಕೋಳಿಯನ್ನು ಕಾವಿಗೆ ಕೂರಿಸಿದ. ಒಂದು ಸಲ ಮಾತ್ರ ಧೈರ್ಯ ಮಾಡಿ ಕೇಳಿದೆ, ‘ಅವತ್ತು ಯಾಕೆ ನೀವು ಬರೆದದ್ದು ಅಂದ್ರಿ ಸಾರ್?’

‘ಪತ್ರಿಕೆ ಮೇಲೆ ಯಾರ ಹೆಸರಿತ್ತೋ? ನಿಂದಾ?’ ಅಂದರು. ‘ಅದು ಬಿಡು. ಫಾರಂ ಬೀಳಿಸಿದ್ದನ್ನೂ ಬಿಟ್ಟೆ. ಆದರೆ ದೊರೆಗೆ ನಿಲ್ಲಿಸಿದ್ಯಲ್ಲ, ಅದನ್ನ ಮಾತ್ರ ಸಾಯೋತನಕ ಕ್ಷಮಿಸಲ್ಲ ಮಗಾ.’ ಹೇಳಿದ ಹಾಗೇ ನಡೆದುಕೊಂಡರು. ಅರವತ್ತರ ದಶಕದಲ್ಲಿ ಅವರು ತೀರಿಕೊಳ್ಳುವ ಹಿಂದಿನ ವಾರ ನೋಡಲು ಹೋದಾಗಲೂ, ಸೊಸೆಗೆ ನನ್ನನ್ನು ಪರಿಚಯ ಮಾಡಿಸಿದ್ದು ‘ನನ್ನನ್ನ ದೊರೆಗೆ ನಿಲ್ಲಿಸಿದ ಮನುಷ್ಯ ಇವನೇ’ ಅಂತ.

ಭಾನುವಾರ ಟೀವಿಯ ಚಿತ್ರ ಮುಗಿದ ಮೇಲೆ ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದೆ. ‘ಅಂದ್ರೆ ಆ ಎಡಿಟರ್ ಕೆಟ್ಟೋನಾ ತಾತ?’ ಅಂದಳು. ಇಷ್ಟು ವರ್ಷ ನಾನು ಈ ಕಥೆ ಹೇಳಿದಾಗೆಲ್ಲ ಒಲೆಯ ಸಾಲನ್ನು ಶಾಮಣ್ಣನವರ ಬಾಯಲ್ಲೇ ಇಡುತ್ತಿದ್ದೆ. ಅವರೇ ಇಟ್ಟುಕೊಂಡಿದ್ದರಲ್ಲ, ಯಾರೂ ಅನುಮಾನ ಪಡುತ್ತಿರಲಿಲ್ಲ. ಮೊನ್ನೆ ಹಾಗೆ ಹೇಳಲಾಗಲಿಲ್ಲ. ‘ಅಲ್ಲಮ್ಮಾ,’ ಅಂದೆ. ‘ಆ ಸಾಲು ನಂದು.’ ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಟೀವಿ ಆರಿಸಿದಳು.

ಈಗ ನನ್ನ ಹತ್ತಿರ ಇರುವುದು ಇಷ್ಟು. ಹಲಸೂರಿನಲ್ಲಿ ಮನೆ ಒಂದು, ಅದರಲ್ಲಿ ಕೋಣೆ ಮೂರು. ಹೆಣ್ಣುಮಕ್ಕಳು ಇಬ್ಬರು, ಇಬ್ಬರೂ ಬಿ.ಎ. ಮೊಮ್ಮಕ್ಕಳು ನಾಲ್ಕು. ದುಡಿದ ವರ್ಷ ನಲವತ್ತಾರು. ಬೀಳಿಸಿದ ಫಾರಂ ಒಂದು. ಬರೆದ ಹೆಡ್ಡಿಂಗು ಒಂದು. ಹಲ್ಲು ಹನ್ನೊಂದು, ಎಲ್ಲ ನನ್ನವೇ.